ದನಿಯೊಳಗಿನ ಹೊಟ್ಟು

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಹುಲ್ಲುಹಾಸಿನಲ್ಲಿ ಗೈಡ್ ಹೇಳುವ ಕಥೆಯನ್ನು ಮೊಬೈಲಿನಲ್ಲಿ ಹಿಡಿದು ಮನೆಗೆ ಬಂದು ಕೇಳಿದರೆ, ಕಥೆಗಿಂತ ಮೊದಲು ಗಾಳಿಯ ಗೊರಗೊರ ಕಿವಿಗೆ ಬೀಳುತ್ತದೆ. ಪಕ್ಕದಲ್ಲೇ ದೋರಸಮುದ್ರದ ಕೆರೆ. ಬಯಲ ಗಾಳಿಗೆ ಅಡ್ಡಿಯಿಲ್ಲ. ಹುಬ್ಬಳ್ಳಿಯ ಹಳಿಯೂ ಹಾಸನ–ಮೈಸೂರಿನ ಹಳಿಯೂ ಕೂಡುವ ಅರಸೀಕೆರೆ ಜಂಕ್ಷನ್ನಿನಲ್ಲಿ ಇದೇ ಕೆಲಸವನ್ನು ರೈಲಿನ ಗುಡುಗುಡು ಮಾಡುತ್ತದೆ. ಎರಡಕ್ಕೂ ಔಷಧ ಒಂದೇ: ಲೋ ಕಟ್ ಫಿಲ್ಟರ್. ಗೊತ್ತುಮಾಡಿದ ಒಂದು ಗಡಿಗಿಂತ ಕೆಳಗಿನ ಕಂಪನಗಳನ್ನು ಅದು ತಗ್ಗಿಸಿ, ಮೇಲಿನವನ್ನು ಹಾಗೇ ಬಿಡುತ್ತದೆ. ರಾಗಿ ತೂರಿದಂತೆಯೇ, ಕಾಳು ಉಳಿಯಬೇಕು, ಹೊಟ್ಟು ಹಾರಬೇಕು. (ರಾಗಿಗೆ ಗಾಳಿ ನೆಂಟ, ಮೈಕಿಗೆ ಹಗೆ, ಅಷ್ಟೇ ವ್ಯತ್ಯಾಸ.)

ಹೊಟ್ಟಿನ ಜತೆ ಕಾಳೂ ಹಾರಿಹೋಗುವುದಿಲ್ಲವೇ, ದನಿಯ ಗಾಂಭೀರ್ಯವೇ ಹೋಗಿ ಮಾತು ತೆಳ್ಳಗಾಗುವುದಿಲ್ಲವೇ ಎಂಬ ಅಂಜಿಕೆಯಿಂದಲೇ ಹೆಚ್ಚಿನವರು ಈ ಫಿಲ್ಟರಿನ ಗುಂಡಿಯನ್ನು ಮುಟ್ಟುವುದಿಲ್ಲ. ಇದಕ್ಕೆ ಉತ್ತರ ನಮ್ಮ ಹಳೆಯ ಟೆಲಿಫೋನಿನಲ್ಲೇ ಇತ್ತು. ಗಂಡಸಿನ ದನಿಯ ಮೂಲಕಂಪನ ಸೆಕೆಂಡಿಗೆ ಸುಮಾರು 100ರಿಂದ 150 ಸಲ, ಅಂದರೆ ಅಷ್ಟು ಹರ್ಟ್ಸ್. ಹೆಂಗಸಿನದು 200ರ ಆಸುಪಾಸು. ಫೋನಿನ ತಂತಿ ದಾಟಿಸುತ್ತಿದ್ದುದು ಸರಿಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ. ಮೂಲಕಂಪನವೇ ದಾಟದಿದ್ದರೂ ಆ ಕಡೆ ಮಾತಾಡುತ್ತಿರುವುದು ಅಪ್ಪನೋ ಅಣ್ಣನೋ ಎಂದು ತಿಳಿಯುತ್ತಿತ್ತು. 100 ಹರ್ಟ್ಸ್‌ನ ದನಿಗೆ 200, 300, 400 ಎಂದು ಮೇಲ್ಸ್ವರಗಳ ಸಾಲೇ ಇರುತ್ತದೆ. ಅವುಗಳ ನಡುವಿನ ಅಂತರದಿಂದ ಕಿವಿ–ಮಿದುಳು ಬುಡದ ಸ್ವರವನ್ನು ಊಹಿಸಿಕೊಳ್ಳುತ್ತವೆ. ಇನ್ನು ‘ಕಲೆ’ಯನ್ನು ‘ತಲೆ’ಯಿಂದ ಬೇರೆಮಾಡುವ ವ್ಯಂಜನದ ಸುಳಿವುಗಳು ಬಹುಪಾಲು 1,000 ಹರ್ಟ್ಸ್‌ಗಿಂತ ಮೇಲಿವೆ. ಹಾಗಿರುವಾಗ 80 ಹರ್ಟ್ಸ್‌ನಲ್ಲಿ ಬೇಲಿ ಹಾಕಿದರೆ ಮಾತಿಗೆ ನಷ್ಟವೇನು? ಈ ಬೇಲಿಯೂ ಗೋಡೆಯಲ್ಲ, ಇಳಿಜಾರು. ಒಂದು ಸಪ್ತಕಕ್ಕೆ 12 ಡೆಸಿಬೆಲ್ ಇಳಿಯುವ ಸಾಧಾರಣ ಫಿಲ್ಟರ್ 40 ಹರ್ಟ್ಸ್‌ನಲ್ಲಿ ಸದ್ದನ್ನು ಸುಮಾರು ಕಾಲುಭಾಗಕ್ಕಿಳಿಸುತ್ತದೆ, 20ರಲ್ಲಿ ಹದಿನಾರರಲ್ಲೊಂದಕ್ಕೆ.

ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಆ ಗುಡುಗು ಹೇಗೂ ಕೇಳದು, ಮನೆಗೆ ಹೋಗಿ ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಸರಿಮಾಡಿದರಾಯಿತು ಎನ್ನುವವರೂ ಇದ್ದಾರೆ. ಅರ್ಧ ನಿಜ. ಕೇಳಿಸದ ಗುಡುಗೂ ಜಾಗ ತಿನ್ನುತ್ತದೆ. ಗಾಳಿ ಬೀಸಿದ ಕ್ಷಣ ಧ್ವನಿಮಟ್ಟದ ಮುಳ್ಳು ಕೆಂಪಿಗೆ ಹಾರಿ ಅಲೆಯ ತಲೆ ಕತ್ತರಿಸಿಹೋದರೆ, ಆ ಒಡಕು ಮಾತಿನ ಮೇಲ್ಸ್ವರಗಳಿಗೂ ಹರಡುತ್ತದೆ. ಆಮೇಲೆ ಯಾವ ಜರಡಿಯೂ ಅದನ್ನು ಬೇರ್ಪಡಿಸದು. ಆದ್ದರಿಂದ ಮೈಕಿನಲ್ಲೇ ಲೋ ಕಟ್ ಗುಂಡಿಯಿದ್ದರೆ ಅಲ್ಲೇ ಒತ್ತುವುದು ಜಾಣತನ. ಅದಕ್ಕೂ ಮೊದಲು ಮೈಕಿಗೊಂದು ತುಪ್ಪಳದ ಟೋಪಿ ಹಾಕುವುದು ಇನ್ನೂ ಜಾಣತನ.

ಸಂಗೀತದ ಆಕ್ಷೇಪಕ್ಕೆ ಮಾತ್ರ ತಲೆಬಾಗಲೇಬೇಕು. ಡೊಳ್ಳಿನ ‘ಗುಮ್’ ಇರುವುದೇ ಬುಡದಲ್ಲಿ. ಒಂದು ಮನೆ ಶ್ರುತಿಯ ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ಅಲ್ಲಿ ಬೇಲಿಯನ್ನು 30–40ಕ್ಕೆ ಇಳಿಸಬೇಕು, ಇಲ್ಲವೇ ಕಿತ್ತೇ ಹಾಕಬೇಕು.

1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರು ಚೆನ್ನಕೇಶವನ ನವರಂಗದ ಸಮಸ್ಯೆಯೇ ಬೇರೆ. ಅಲ್ಲಿ ಗಾಳಿಯಿಲ್ಲ, ಕಲ್ಲು ಹಿಂದಿರುಗಿಸುವ ಮರುದನಿಯೂ ಜನರ ಗದ್ದಲವೂ ಮಾತಿನ ಎತ್ತರದಲ್ಲೇ ಇರುವುದರಿಂದ ಲೋ ಕಟ್ ಕೈಚೆಲ್ಲುತ್ತದೆ. ಉಳಿದ ದಾರಿಯೆಂದರೆ ಮೈಕನ್ನು ಬಾಯಿಯ ಹತ್ತಿರಕ್ಕೆ ಒಯ್ಯುವುದು. ಹಾಗೆ ಒಯ್ದಾಗ, ಒಂದೇ ದಿಕ್ಕಿಗೆ ಕಿವಿಗೊಡುವ ಮೈಕು ಕೆಳಸ್ವರಗಳನ್ನು ಉಬ್ಬಿಸುತ್ತದೆ. ಆ ಉಬ್ಬನ್ನು ಇಳಿಸಲು ಮತ್ತೆ ಇದೇ ಗುಂಡಿ ಬೇಕಾಗುತ್ತದೆ.