ವಾಹನದ ಮುಂಗಾಜಿನ ಒಳಮೈ: ಗೆರೆ ಉಳಿಯದಂತೆ ಒರೆಸುವ ಕ್ರಮ

ನಮ್ಮ ರೈತರಲ್ಲಿ ಹಲವರು ಈಗ ತಮ್ಮ ಬೆಳೆಯನ್ನು ತಮ್ಮದೇ ಪಿಕಪ್ ವಾಹನ, ಜೀಪು ಅಥವಾ ಕಾರಿನಲ್ಲಿ ಮಾರುಕಟ್ಟೆಗೆ ಸಾಗಿಸುತ್ತಾರೆ. ಕೋಲಾರದ ಮಾರುಕಟ್ಟೆಗೆ ಟೊಮೇಟೊ ಒಯ್ಯುವವರಾಗಲಿ, ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೂವು ತರುವವರಾಗಲಿ ಮನೆ ಬಿಡುವುದು ಬಹುಮಟ್ಟಿಗೆ ಕತ್ತಲಿರುವಾಗಲೇ. ಎದುರಿನಿಂದ ಲಾರಿ ಬಂದಾಗ ಗಾಜಿನ ತುಂಬ ಬೆಳ್ಳನೆಯ ಮಸುಕು ಹರಡಿ, ಕ್ಷಣಕಾಲ ದಾರಿಯೇ ಕಾಣದಂತಾಗುವ ಅನುಭವ ಇವರಿಗೆಲ್ಲ ಇದೆ. ತಪ್ಪು ಎದುರಿನ ದೀಪದ್ದೆಂದು ನಾವು ಬೈದುಕೊಳ್ಳುತ್ತೇವೆ. ಆದರೆ ಎಷ್ಟೋ ಸಲ ಅರ್ಧ ತಪ್ಪು ನಮ್ಮ ಗಾಜಿನ ಒಳಮೈಯಲ್ಲಿರುತ್ತದೆ.

ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎರಡು ಸೆಕೆಂಡು ದಾರಿ ಕಾಣದಿದ್ದರೆ 34 ಮೀಟರ್ ಕುರುಡಾಗಿ ಓಡಿಸಿದಂತಾಯಿತು. ಅಷ್ಟು ದೂರದೊಳಗೆ ದೀಪವಿಲ್ಲದ ಎತ್ತಿನ ಗಾಡಿ, ಕೆಟ್ಟು ನಿಂತ ಟ್ರ್ಯಾಕ್ಟರ್ ಟ್ರೈಲರ್ ಅಥವಾ ಹಾಲಿನ ಕ್ಯಾನು ಹೊತ್ತ ಸೈಕಲ್ ಸವಾರ ಇರಬಹುದು. ಆದ್ದರಿಂದ ಗಾಜು ಒರೆಸುವುದನ್ನು ಅಂದಚೆಂದದ ಕೆಲಸವೆಂದು ಕಡೆಗಣಿಸಬಾರದು.

ಹಗಲಿನಲ್ಲಿ ಶುಚಿ, ರಾತ್ರಿಯಲ್ಲಿ ಮಸುಕು

ಗಾಜಿನ ಹೊರಮೈಯನ್ನು ಮಳೆ ತೊಳೆಯುತ್ತದೆ, ವೈಪರ್ ಒರೆಸುತ್ತದೆ. ಒಳಮೈಗೆ ಇವೆರಡೂ ಇಲ್ಲ. ಅಲ್ಲಿ ದಿನದಿನಕ್ಕೂ ತೆಳುವಾದ ಜಿಡ್ಡಿನ ಪೊರೆ ಕಟ್ಟುತ್ತಾ ಹೋಗುತ್ತದೆ. ಹಗಲಿನಲ್ಲಿ ಈ ಪೊರೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಎದುರಿನ ದೀಪದ ಬೆಳಕು ಪೊರೆಗೆ ಬಡಿದಾಗ ನೇರವಾಗಿ ಸಾಗದೆ ಎಲ್ಲ ದಿಕ್ಕಿಗೂ ಚದರುತ್ತದೆ. ಆಗ ಗಾಜು ಪೂರ್ತಿ ಬೆಳಗಿ, ಅದರಾಚೆಯ ಕಪ್ಪು ವಸ್ತುಗಳು ಮರೆಯಾಗುತ್ತವೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜುಗಳು ಕನಿಷ್ಠ ಶೇ. 70ರಷ್ಟು, ಪಕ್ಕದ ಗಾಜುಗಳು ಕನಿಷ್ಠ ಶೇ. 50ರಷ್ಟು ಬೆಳಕನ್ನು ಒಳಬಿಡಬೇಕು. ಕಾರ್ಖಾನೆಯವರು ಇಷ್ಟು ಜಾಗರೂಕತೆಯಿಂದ ಕೊಟ್ಟ ಗಾಜನ್ನು ನಾವು ಆಲಸ್ಯದಿಂದ ಮಂಕು ಮಾಡಿಕೊಳ್ಳಬಾರದು.

ಪೊರೆ ಕಟ್ಟಲು ಕಾರಣಗಳು

1. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ವಾಹನದ ಡ್ಯಾಶ್‌ಬೋರ್ಡಿನ ಉಷ್ಣಾಂಶ 60 ಡಿಗ್ರಿ ಸೆಲ್ಸಿಯಸ್ ಮೀರಬಹುದು. ಪ್ಲಾಸ್ಟಿಕ್ಕನ್ನು ಮೃದುವಾಗಿಡಲು ಸೇರಿಸಿದ ಎಣ್ಣೆಯಂಥ ವಸ್ತುಗಳು ಆಗ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತವೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹಬೆ ನಿಲ್ಲುವಂತೆ ಈ ಆವಿ ತಣ್ಣಗಿನ ಗಾಜಿನ ಮೇಲೆ ನಿಲ್ಲುತ್ತದೆ. ಹೊಸ ವಾಹನದಲ್ಲಿ ಇದು ಹೆಚ್ಚು.

2. ಬೀಡಿ, ಸಿಗರೇಟಿನ ಹೊಗೆ ಮತ್ತು ದೇವರ ಪಟದ ಮುಂದೆ ಹಚ್ಚಿದ ಊದುಬತ್ತಿಯ ಹೊಗೆ.

3. ಮಂಜು ಕಟ್ಟಿದಾಗ ಅಂಗೈಯಿಂದ ಒರೆಸುವುದರಿಂದ ತಗಲುವ ಬೆವರು ಮತ್ತು ಜಿಡ್ಡು. ಎಲೆ ಅಡಿಕೆ ಹಾಕಿಕೊಂಡ ಬೆರಳಿನ ಸುಣ್ಣವೂ ಇದಕ್ಕೆ ಸೇರುತ್ತದೆ.

4. ಒಳಗೆ ಸಾಗಿಸಿದ ಹಿಂಡಿ, ಗೊಬ್ಬರ ಮುಂತಾದವುಗಳ ದೂಳು.

ಒರೆಸಿದ ಮೇಲೂ ಗೆರೆ ಉಳಿಯುವುದೇಕೆ?

"ನಾನು ವಾರವಾರವೂ ಒರೆಸುತ್ತೇನೆ, ಆದರೂ ಗೆರೆ ಹೋಗುವುದಿಲ್ಲ" ಎನ್ನುವವರಿದ್ದಾರೆ. ಗೆರೆ ಎಂದರೆ ಒಣಗಿ ಉಳಿದ ಶೇಷ. ಕೊಳೆಯನ್ನು ಗಾಜಿನಿಂದ ಬಟ್ಟೆಗೆ ಎತ್ತಿಕೊಳ್ಳದೆ, ನೀರಿನಲ್ಲಿ ಕದಡಿ ಅಲ್ಲಿಯೇ ಸಾರಿಸಿ ಒಣಗಲು ಬಿಟ್ಟಾಗ ಗೆರೆ ಬೀಳುತ್ತದೆ. ನೀರು ಮತ್ತು ಸೋಪು ಅತಿಯಾದರೂ, ಬಟ್ಟೆ ಕೊಳೆಯಾಗಿದ್ದರೂ, ಗಾಜು ಬಿಸಿಯಾಗಿದ್ದರೂ ಹೀಗಾಗುತ್ತದೆ.

ಬಯಲುಸೀಮೆಯ ರೈತರು ಗಮನಿಸಬೇಕಾದ ಇನ್ನೊಂದು ಕಾರಣ ಕೊಳವೆಬಾವಿಯ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣಗಳಿರಬಹುದು. ಬೇರೆ ನೀರು ದೊರೆಯದ ಕಡೆ 2,000 ಮಿಲಿಗ್ರಾಂವರೆಗೂ ಒಪ್ಪಲಾಗಿದೆ. ಇಂಥ 2,000 ಮಿಲಿಗ್ರಾಂ ಲವಣವಿರುವ ನೀರನ್ನು ಕೇವಲ 50 ಮಿ.ಲೀ. ಗಾಜಿನ ಮೇಲೆ ಒಣಗಲು ಬಿಟ್ಟರೆ 100 ಮಿಲಿಗ್ರಾಂ ಬಿಳಿಪುಡಿ ಅಲ್ಲಿಯೇ ಉಳಿಯುತ್ತದೆ. ಇದಕ್ಕೆ ಸೋಪು ಸೇರಿದರೆ ನೊರೆ ಬಾರದೆ ಅಂಟು ಕಸರು ಕೂಡುತ್ತದೆ. ನೀರನ್ನು ಕುದಿಸಿದರೆ ಗಡಸುತನ ಸ್ವಲ್ಪ ಇಳಿದೀತೇ ಹೊರತು ಎಲ್ಲ ಲವಣವೂ ಹೋಗುವುದಿಲ್ಲ.

ಬೇಕಾಗುವ ಸಾಮಗ್ರಿ

ನೀರು: ಮೊದಲ ಮಳೆಯನ್ನು ಹರಿಯಬಿಟ್ಟು ಆನಂತರ ಹಿಡಿದ ಮಳೆನೀರು ಉತ್ತಮ. ಟ್ರ್ಯಾಕ್ಟರಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇದ್ದರೆ ಇನ್ನೂ ಒಳ್ಳೆಯದು. ಊರಿನ ಶುದ್ಧ ನೀರಿನ ಘಟಕದ ನೀರೂ ಆಗಬಹುದು. ಒಂದು ಸಲಕ್ಕೆ ಕಾಲು ಲೀಟರು ಧಾರಾಳವಾಯಿತು.

ಬಟ್ಟೆ: ಹಲವು ಸಲ ಒಗೆದು ಮೆತ್ತಗಾದ ಹಳೆಯ ಹತ್ತಿ ಪಂಚೆಯ ಮೂರು ತುಂಡುಗಳು ಅಥವಾ ಮೈಕ್ರೋಫೈಬರ್ ಬಟ್ಟೆಗಳು. ಗಂಜಿಯಿರುವ ಹೊಸ ಬಟ್ಟೆ, ಜೂಲು ಉದುರುವ ಟವಲು, ಸುವಾಸನೆಯ ಕಂಡೀಷನರ್ ಹಾಕಿ ಒಗೆದ ಬಟ್ಟೆ ಬೇಡ. ಎಂಜಿನ್ ಅಥವಾ ಔಷಧಿ ಸಿಂಪರಣಾ ಯಂತ್ರ ಒರೆಸಿದ ಬಟ್ಟೆಯನ್ನು ಎಷ್ಟು ಒಗೆದಿದ್ದರೂ ಇದಕ್ಕೆ ಬಳಸಕೂಡದು.

ದ್ರಾವಣ: ಸಾಧಾರಣ ಪೊರೆಗೆ 1 ಲೀಟರು ಮೆದು ನೀರಿಗೆ 100 ಮಿ.ಲೀ. ಬಿಳಿ ವಿನೆಗರ್ ಬೆರೆಸಿದರೆ ಸಾಕು. ನೀರಿನ ಕಲೆ ಮತ್ತು ಸುಣ್ಣದ ಗುರುತು ಇದರಿಂದ ಕರಗುತ್ತವೆ. ಹೊಗೆಯ ಜಿಡ್ಡು ಹೆಚ್ಚಾಗಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಅಷ್ಟೇ ಪ್ರಮಾಣದ ಮೆದು ನೀರಿನೊಂದಿಗೆ ಬೆರೆಸಿ ಬಳಸಬಹುದು. ಇದು ಬೆಂಕಿ ಹಿಡಿಯುವ ವಸ್ತು. ಎಂಜಿನ್ ನಿಲ್ಲಿಸಿ, ಬಾಗಿಲುಗಳನ್ನು ತೆರೆದಿಡಬೇಕು. ಬೀಡಿ, ಊದುಬತ್ತಿ ಹತ್ತಿರ ಇರಬಾರದು. ವಿನೆಗರನ್ನಾಗಲಿ ಆಲ್ಕೊಹಾಲನ್ನಾಗಲಿ ಬ್ಲೀಚಿಂಗ್ ಪೌಡರಿನೊಂದಿಗೆ ಎಂದಿಗೂ ಬೆರೆಸಬಾರದು, ವಿಷಾನಿಲ ಹುಟ್ಟುತ್ತದೆ.

ಒರೆಸುವ ಕ್ರಮ

1. ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ, ಗಾಜು ತಣ್ಣಗಾದ ಮೇಲೆ ಕೆಲಸ ಆರಂಭಿಸಬೇಕು. ಬೆಳಗಿನ ಹೊತ್ತು ಅನುಕೂಲ.

2. ಮೊದಲು ಡ್ಯಾಶ್‌ಬೋರ್ಡಿನ ದೂಳನ್ನು ಒದ್ದೆ ಬಟ್ಟೆಯಿಂದ ತೆಗೆದು, ಅದರ ಮೇಲೆ ಹಳೆಯ ಟವಲು ಹಾಸಬೇಕು. ಗಾಜಿನ ಎದುರು ತೂಗುಹಾಕಿದ ಹಾರ, ಬೊಂಬೆಗಳನ್ನು ತೆಗೆದಿಡಬೇಕು. ಅವನ್ನು ಮತ್ತೆ ಅಲ್ಲಿ ಕಟ್ಟದಿರುವುದೇ ಲೇಸು.

3. ಒಂದನೆಯ ಬಟ್ಟೆಯಿಂದ ಗಾಜಿನ ಒಣದೂಳನ್ನು ಹಗುರವಾಗಿ ತೆಗೆಯಬೇಕು.

4. ಎರಡನೆಯ ಬಟ್ಟೆಯನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಮಡಿಸಬೇಕು. ಹೀಗೆ ಮಡಿಸಿದರೆ ಮಗುಚುತ್ತಾ ಎಂಟು ಹೊಸ ಮುಖಗಳನ್ನು ಬಳಸಬಹುದು. ದ್ರಾವಣವನ್ನು ಗಾಜಿಗೆ ಎರಚದೆ ಬಟ್ಟೆಗೆ ಹಾಕಿಕೊಳ್ಳಬೇಕು. ಬಟ್ಟೆ ತೇವವಾಗಿರಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು.

5. ಒಮ್ಮೆಗೆ ಗಾಜಿನ ಅರ್ಧಭಾಗವನ್ನು ಮಾತ್ರ ತೆಗೆದುಕೊಂಡು, ಮೇಲಿನಿಂದ ಕೆಳಕ್ಕೆ ಬರುತ್ತಾ ಎಡದಿಂದ ಬಲಕ್ಕೆ ನೇರ ಸಾಲಿನಲ್ಲಿ ಒರೆಸಬೇಕು. ಉಳುವಾಗ ಸಾಲಿಗೆ ಸಾಲು ತಾಗುವಂತೆ ಇಲ್ಲಿಯೂ ಪ್ರತಿ ಸಾಲು ಹಿಂದಿನದನ್ನು ಸ್ವಲ್ಪ ಮುಚ್ಚಬೇಕು. ಸುತ್ತು ಸುತ್ತಾಗಿ ಉಜ್ಜಬಾರದು. ಬಟ್ಟೆಯ ಮುಖ ಕೊಳೆಯಾದ ಕೂಡಲೆ ಮಗುಚಬೇಕು.

6. ತೇವ ಆರುವ ಮುನ್ನವೇ ಮೂರನೆಯ ಒಣ ಬಟ್ಟೆಯಿಂದ ಅದೇ ಜಾಗವನ್ನು ಒರೆಸಿ ಮುಗಿಸಬೇಕು. ಗೆರೆ ಉಳಿಯದಿರುವ ಗುಟ್ಟು ಮುಖ್ಯವಾಗಿ ಈ ಹಂತದಲ್ಲಿದೆ. ಆಮೇಲೆ ಉಳಿದರ್ಧಕ್ಕೆ ಹೋಗಬೇಕು.

7. ಗಾಜು ಮತ್ತು ಡ್ಯಾಶ್‌ಬೋರ್ಡ್ ಕೂಡುವ ಇಕ್ಕಟ್ಟಿನ ಮೂಲೆಗೆ, ಅಡಿಕೋಲಿನಂಥ ಚಪ್ಪಟೆ ಪಟ್ಟಿಗೆ ಬಟ್ಟೆ ಸುತ್ತಿ ಬಳಸಬೇಕು. ಚಾಲಕನ ಬದಿಯಲ್ಲಿ ಸ್ಟೀರಿಂಗ್ ಅಡ್ಡ ಬರುವುದರಿಂದ, ಪಕ್ಕದ ಸೀಟಿನಲ್ಲಿ ಕುಳಿತು ಕೈಚಾಚುವುದು ಸುಲಭ.

8. ಹೊರಮೈಯನ್ನು ಒರೆಸುವಾಗ ಮೇಲಿನಿಂದ ಕೆಳಕ್ಕೆ ಒರೆಸಬೇಕು. ಆಗ ಅಡ್ಡಗೆರೆ ಕಂಡರೆ ಒಳಗಿನದು, ಉದ್ದಗೆರೆ ಕಂಡರೆ ಹೊರಗಿನದು ಎಂದು ಸುಲಭವಾಗಿ ತಿಳಿಯುತ್ತದೆ.

9. ಪಕ್ಕದ ಗಾಜನ್ನು ಎರಡಂಗುಲ ಇಳಿಸಿ ಮೇಲಂಚನ್ನು ಮೊದಲು ಒರೆಸಿ, ಆನಂತರ ಏರಿಸಿ ಉಳಿದದ್ದನ್ನು ಒರೆಸಬೇಕು. ಹಿಂದಿನ ಗಾಜಿನಲ್ಲಿ ಮಂಜು ಕರಗಿಸುವ ತೆಳುತಂತಿಗಳಿದ್ದರೆ ಅವು ಹೋದ ದಿಕ್ಕಿನಲ್ಲಿಯೇ ಮೆಲ್ಲಗೆ ಒರೆಸಬೇಕು.

ಪರೀಕ್ಷೆ: ಸಂಜೆ ಕತ್ತಲಾದ ಮೇಲೆ ಚಾಲಕನ ಸೀಟಿನಲ್ಲಿ ಕುಳಿತು, ಇನ್ನೊಬ್ಬರಿಂದ ಹೊರಗಿನಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಗಾಜಿಗೆ ಬಿಡಿಸಿ ನೋಡಬೇಕು. ಉಳಿದ ಜಿಡ್ಡು ತಕ್ಷಣ ಕಾಣುತ್ತದೆ. ಹಳೆಯ ಪೊರೆ ಒಂದೇ ಸಲಕ್ಕೆ ಹೋಗದಿದ್ದರೆ ತೊಳೆದ ಬಟ್ಟೆಯಿಂದ ಇನ್ನೊಮ್ಮೆ ಒರೆಸಬೇಕು.

ಮಾಡಬಾರದ ಕೆಲಸಗಳು

ಸೀಮೆಎಣ್ಣೆ, ಡೀಸೆಲ್, ಪೆಟ್ರೋಲಿನಿಂದ ಒರೆಸಬಾರದು. ಮೊದಲೆರಡು ಜಿಡ್ಡು ಬಿಡುತ್ತವೆ, ಪೆಟ್ರೋಲಿನಿಂದ ಬೆಂಕಿಯ ಅಪಾಯ. ಬೂದಿ, ಇಟ್ಟಿಗೆ ಪುಡಿ, ಪಾತ್ರೆ ಉಜ್ಜುವ ನಾರು ಗಾಜನ್ನು ಗೀರುತ್ತವೆ. ಗೀರನ್ನು ಯಾವ ದ್ರಾವಣವೂ ಅಳಿಸದು. ಡ್ಯಾಶ್‌ಬೋರ್ಡಿಗೆ ಹಚ್ಚುವ ಹೊಳಪಿನ ಎಣ್ಣೆ ಗಾಜಿಗೆ ತಾಗಬಾರದು.

ಮಳೆಗಾಲದಲ್ಲಿ

ಮಲೆನಾಡಿನಲ್ಲಿ ಮತ್ತು ಚಳಿಗಾಲದ ಬೆಳಗಿನಲ್ಲಿ ಉಸಿರಿನ ತೇವ ಗಾಜಿನೊಳಗೆ ಮಂಜಾಗಿ ನಿಲ್ಲುತ್ತದೆ. ಕೊಳೆಗಾಜಿನಲ್ಲಿ ಇದರ ತೊಂದರೆ ಹೆಚ್ಚು. ಒದ್ದೆ ಗೋಣಿಚೀಲ, ನೀರು ಸುರಿಯುವ ಸೊಪ್ಪಿನ ಕಂತೆಗಳನ್ನು ಚಾಲಕನ ಕೋಣೆಯಲ್ಲಿ ಇಡಬಾರದು. ಎ.ಸಿ. ಇದ್ದರೆ ಅದರ ಗಾಳಿಯನ್ನು ಮುಂಗಾಜಿಗೆ ಬಿಡಬೇಕು. ಇಲ್ಲದಿದ್ದರೆ ಎರಡೂ ಬದಿಯ ಗಾಜನ್ನು ಸ್ವಲ್ಪ ಇಳಿಸಬೇಕು. ಅಂಗೈಯಿಂದ ಒರೆಸುವ ಬದಲು ಒಂದು ಒಣ ಬಟ್ಟೆಯನ್ನು ಕೈಗೆಟಕುವಂತೆ ಇಟ್ಟುಕೊಂಡು, ವಾಹನ ನಿಲ್ಲಿಸಿ ಒರೆಸಬೇಕು.

ಗಾಜು ಎರಡೂ ಕಡೆ ಶುಚಿಯಾದ ಮೇಲೂ ಎದುರಿನ ದೀಪ ಕಣ್ಣು ಕುಕ್ಕುತ್ತಿದ್ದರೆ ವೈಪರಿನಿಂದ ಗೀರು ಬಿದ್ದಿದೆಯೇ ಎಂದು ನೋಡಬೇಕು. ಅದೂ ಇಲ್ಲದಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ರಾತ್ರಿ ದೀಪಗಳ ಸುತ್ತ ಬಳೆಯಂತೆ ಬೆಳಕು ಕಾಣುವುದು ಕಣ್ಣಿನ ಪೊರೆಯ ಲಕ್ಷಣವೂ ಆಗಿರಬಹುದು.

ಈ ಕೆಲಸಕ್ಕೆ ಹದಿನೈದು ದಿನಕ್ಕೊಮ್ಮೆ ಕಾಲು ಗಂಟೆ ಸಾಕು. ಖರ್ಚು ಇಲ್ಲವೆಂದೇ ಹೇಳಬಹುದು. ಮಾರುಕಟ್ಟೆಗೆ ಹೊರಡುವ ಹಿಂದಿನ ಸಂಜೆ ಗಾಡಿಯ ಗಾಳಿ, ಎಣ್ಣೆ ನೋಡುವ ಜೊತೆಗೆ ಮುಂಗಾಜಿನ ಒಳಮೈಯನ್ನೂ ನೋಡುವ ರೂಢಿ ಮಾಡಿಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಗ್ರಾಮದಲ್ಲಿ ಒಂದು ವಾಹನದ ಗಾಜಿನ ಅರ್ಧವನ್ನು ಮಾತ್ರ ಈ ಕ್ರಮದಲ್ಲಿ ಒರೆಸಿ, ಸಂಜೆ ಟಾರ್ಚ್ ಬಿಟ್ಟು ತೋರಿಸಲಿ. ಎರಡು ಅರ್ಧಗಳ ವ್ಯತ್ಯಾಸ ಕಂಡ ರೈತರಿಗೆ ಬೇರೆ ಉಪದೇಶ ಬೇಕಾಗದು.