ಬಾಯಿ ಮುಚ್ಚಿದ ವಂಶವಾಹಿ

ಜೀವಕೋಶ ಎರಡಾಗುವಾಗ ಅದರ ಡಿ.ಎನ್.ಎ. ನಕಲಾಗುತ್ತದೆ. ನಕಲಿನಲ್ಲಿ ಬಿದ್ದ ತಪ್ಪು ತಿದ್ದೋಕೆ ಎಂ.ಎಲ್.ಎಚ್.1 ಎಂಬ ವಂಶವಾಹಿ ಬೇಕು. ಮೇಷ್ಟ್ರು ನಮ್ಮ ಕಾಪಿ ತಿದ್ದಿದ ಹಾಗೆ.

ಕೆಲವರ ದೊಡ್ಡ ಕರುಳಿನ ಕೋಶದಲ್ಲಿ ಈ ವಂಶವಾಹಿಯ ಶುರುವಿನ ಜಾಗಕ್ಕೆ ಮೀಥೈಲ್ ಗುಂಪುಗಳು ಅಂಟಿಕೊಳ್ಳುತ್ತವೆ. ಒಂದು ಗುಂಪೆಂದರೆ 1 ಕಾರ್ಬನ್, 3 ಹೈಡ್ರೋಜನ್, ಅಷ್ಟೇ. ಡಿ.ಎನ್.ಎ.ಯ ಒಂದಕ್ಷರವೂ ಅಳಿಸಿರೋದಿಲ್ಲ, ಆದರೂ ವಂಶವಾಹಿ ಕೆಲಸ ನಿಲ್ಲಿಸುತ್ತದೆ. ತಪ್ಪುಗಳು ತಿದ್ದದೆ ಉಳಿದು, ಗುಡ್ಡೆಯಾಗಿ, ಕ್ಯಾನ್ಸರ್ ಆಗಬಹುದು.

ಬೇರೆ ವಂಶವಾಹಿಗಳ ಮೇಲಿನ ಇಂಥದೇ ಗುರುತನ್ನು ಮಲದಲ್ಲಿ ಹುಡುಕುವ ಪರೀಕ್ಷೆಗೆ 2014ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಬೇಗ ಗೊತ್ತಾದರೆ ವಾಸಿ ಮಾಡೋದು ಸುಲಭ. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಮಲದಲ್ಲಿ ರಕ್ತ ಕಂಡರೆ, ಮೂಲವ್ಯಾಧಿ ಇರಬೇಕು ಅಂತ ನಾಚಿಕೊಂಡು ಮುಚ್ಚಿಡಬಾರದು. ಡಾಕ್ಟರಿಗೆ ತೋರಿಸಿ ಅಂತ ನೀವೇ ಹೇಳಿ.