ತಾಳೆಗರಿಯ ವಾಚನದಲ್ಲಿ ಮಸೂರ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕನ್ನಡ ಹಾಗೂ ತಿಗಳಾರಿ ಲಿಪಿಗಳ ತಾಳೆಗರಿಗಳು ಉಳಿದುಬಂದಿವೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿಯೂ ಇಂತಹ ಓಲೆಗಳ ಸಂಗ್ರಹವಿದೆ. ಕಬ್ಬಿಣದ ಕಂಟದಿಂದ ಗರಿಯನ್ನು ಗೀರಿ, ಆ ಗೀರಿನಲ್ಲಿ ಮಸಿಯನ್ನು ತುಂಬಿ ಅಕ್ಷರಗಳನ್ನು ಮೂಡಿಸುತ್ತಿದ್ದರು. ಮಸಿಯು ಅಳಿದ ಓಲೆಯನ್ನು ಓದುವಾಗ ನಾವು ಭೂತಗನ್ನಡಿಯ ನೆರವನ್ನು ಪಡೆಯುತ್ತೇವೆ. ಆ ಗಾಜು ಮಾಡುವುದೇನು, ಮಾಡಲಾರದುದೇನು ಎಂಬುದನ್ನು ಇತಿಹಾಸದ ವಿದ್ಯಾರ್ಥಿಯೂ ಅರಿತಿರುವುದು ಅವಶ್ಯಕ.

ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ವೇಗದಿಂದ ಚಲಿಸುತ್ತದೆ. ಸಾಮಾನ್ಯ ಗಾಜಿನಲ್ಲಿ ಅದರ ವೇಗ ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ಆದುದರಿಂದ ಓರೆಯಾಗಿ ಗಾಜನ್ನು ಹೊಕ್ಕ ಕಿರಣವು ಲಂಬದ ಕಡೆಗೆ ಬಾಗುತ್ತದೆ. ಇದೇ ವಕ್ರೀಭವನ. ಲಂಬಕ್ಕೆ 30 ಅಂಶ ಓರೆಯಾಗಿ ಬಂದ ಕಿರಣವು ಗಾಜಿನೊಳಗೆ ಸುಮಾರು 19.5 ಅಂಶದಲ್ಲಿ ಸಾಗುತ್ತದೆ. ಹೊರಬರುವಾಗ ಅದು ಲಂಬದಿಂದ ದೂರಕ್ಕೆ ಬಾಗುತ್ತದೆ. ಕಿಟಕಿಯ ಗಾಜಿನ ಎರಡು ಮುಖಗಳೂ ಸಮಾಂತರವಾಗಿರುವುದರಿಂದ ಈ ಎರಡು ಬಾಗುಗಳು ಒಂದನ್ನೊಂದು ಸರಿದೂಗಿಸುತ್ತವೆ. ನಡುವೆ ದಪ್ಪಗಿದ್ದು ಅಂಚಿನಲ್ಲಿ ತೆಳುವಾಗಿರುವ ಪೀನಮಸೂರದಲ್ಲಿ ಹಾಗಾಗದು. ಅಂಚಿನತ್ತ ಹೋದಂತೆ ಮುಖಗಳ ಓರೆ ಹೆಚ್ಚುವುದರಿಂದ ಅಲ್ಲಿಯ ಕಿರಣಗಳು ಹೆಚ್ಚು ಬಾಗಿ, ನಡುವಿನವುಗಳೊಡನೆ ನಾಭಿಯೆಂಬ ಬಿಂದುವಿನಲ್ಲಿ ಕೂಡುತ್ತವೆ.

ಸಾಮಾನ್ಯ ಕಣ್ಣು 25 ಸೆಂಟಿಮೀಟರಿಗಿಂತ ಹತ್ತಿರದ ವಸ್ತುವನ್ನು ಸ್ಫುಟವಾಗಿ ಕಾಣಲಾರದು. ಓಲೆಯನ್ನು ಮಸೂರದ ನಾಭಿದೂರದ ಒಳಗೆ ಹಿಡಿದರೆ, ಹೊರಬಿದ್ದ ಕಿರಣಗಳು ಇನ್ನೂ ದೂರದಿಂದ ಬಂದಂತೆ ತೋರಿ, ನೆಟ್ಟನೆಯ ದೊಡ್ಡ ಬಿಂಬವು ಕಾಣುತ್ತದೆ. ನಾಭಿದೂರವು 10 ಸೆಂಟಿಮೀಟರಾಗಿದ್ದರೆ ಅಕ್ಷರವು ಮೂರೂವರೆ ಪಟ್ಟು ಹಿಗ್ಗಬಹುದು. ಮಸೂರವು ಓಲೆಗೆ ಏನನ್ನೂ ಸೇರಿಸುವುದಿಲ್ಲ. ಅದನ್ನು ಕಣ್ಣಿನ ಸಮೀಪಕ್ಕೆ ತರಲು ಅವಕಾಶವನ್ನೀಯುತ್ತದೆ, ಅಷ್ಟೆ.

ಇಲ್ಲಿಯೇ ವಾಚಕನ ಹೊಣೆಯು ಮೊದಲಾಗುತ್ತದೆ. 'ದನ', 'ಧನ' ಎಂಬ ಪದಗಳ ನಡುವಿನ ಭೇದವು ಒಂದು ಸಣ್ಣ ಸೀಳಿನದು. ದಾನಪತ್ರದಲ್ಲಾದರೋ ಅದರಿಂದ ಅರ್ಥವೇ ಬೇರೆಯಾಗುತ್ತದೆ. ಮಸೂರವು ಕಂಟದ ಗೀರನ್ನೂ ಗರಿಯ ಬಿರುಕನ್ನೂ ಸಮನಾಗಿಯೇ ಹಿಗ್ಗಿಸುತ್ತದೆ. ಅಂಚಿನಲ್ಲಿ ಗೆರೆಗಳು ಬಾಗಿ ತೋರುತ್ತವೆ; ನೇರಿಳೆ ಬಣ್ಣವು ಕೆಂಪಿಗಿಂತ ಹೆಚ್ಚು ಬಾಗುವುದರಿಂದ ಬಣ್ಣದ ಸೆರಗೂ ಮೂಡುತ್ತದೆ. ಆದುದರಿಂದ ಸಂದೇಹದ ಅಕ್ಷರವನ್ನು ಮಸೂರದ ನಡುಭಾಗಕ್ಕೆ ತಂದು, ಒಮ್ಮೆ ಎಡದಿಂದಲೂ ಒಮ್ಮೆ ಬಲದಿಂದಲೂ ಓರೆಬೆಳಕನ್ನು ಬೀಳಿಸಿ ನೋಡತಕ್ಕದ್ದು. ಕೊರೆದ ಗೀರಿನ ನೆರಳು ಬೆಳಕಿನೊಡನೆ ಬದಿಯನ್ನು ಬದಲಿಸುತ್ತದೆ. ಬರಿಯ ಕಲೆಗೆ ನೆರಳಿಲ್ಲ. ಆ ಬಳಿಕವೂ ನಿಶ್ಚಯವಾಗದ ಅಕ್ಷರವನ್ನು ಪ್ರತಿಯಲ್ಲಿ ಕಂಸದೊಳಗೆ ಇಡುವುದೇ ಪ್ರಾಮಾಣಿಕವಾದ ಕ್ರಮ.

ಇನ್ನೊಂದು ಎಚ್ಚರಿಕೆಯೂ ಉಂಟು. ಮಲೆನಾಡಿನ ಮಬ್ಬು ಕೋಣೆಗಳಲ್ಲಿ ಓದುವವನಿಗೆ ಓಲೆಯನ್ನು ಜಗಲಿಯ ಬಿಸಿಲಿಗೆ ಒಯ್ಯಬೇಕೆನಿಸುವುದು ಸಹಜ. ಆದರೆ ಅಕ್ಷರವನ್ನು ಹಿಗ್ಗಿಸುವ ಅದೇ ಬಾಗುವಿಕೆಯು ಸೂರ್ಯನ ತಾಪವನ್ನು ನಾಭಿಯಲ್ಲಿ ಕೂಡಿಸಿ ಒಣಗಿದ ಗರಿಯನ್ನು ಸುಡಬಲ್ಲುದು. ಬೇರೆ ಪ್ರತಿಯಿಲ್ಲದ ಓಲೆಯು ಒಮ್ಮೆ ಸುಟ್ಟರೆ ಅದರ ಪಾಠವು ಶಾಶ್ವತವಾಗಿ ನಷ್ಟವಾದಂತೆಯೇ ಸರಿ.